ದ್ರಾಕ್ಷಿರಸಕ್ಕೆ ಹೆಪ್ಪು

ಮನೆಯಲ್ಲಿ ವೈನು ಮಾಡುವವನಿಗೆ ಕೆಲಸ ಸ್ವಲ್ಪ, ಕಳವಳ ಬಹಳ. ಆ ಕಳವಳ ನೋಡಲು ಬರುವವರು ಇನ್ನೂ ಬಹಳ. ಹಾಗಾಗಿ ಇಂಥ ಪ್ರಸಂಗಗಳು ತಾವಾಗಿಯೇ ನಡೆಯುತ್ತವೆ, ನಾವು ಕರೆಯಬೇಕಿಲ್ಲ.

ಗದಗ ಜಿಲ್ಲೆಯಾದ ಹೊಸತು. ನಾವು ಬೆಟಗೇರಿಯಲ್ಲಿದ್ದೆವು. ನಾನು ಕಾನ್ವೆಂಟಿನಲ್ಲಿ ಕಲಿತವನು. ಏನೇ ಮಾಡಲಿ, ಪುಸ್ತಕದಲ್ಲಿದ್ದಂತೆ ಮಾಡಬೇಕು, ಅರ್ಧಕ್ಕೆ ಬಿಡಬಾರದು. ಮೊದಲ ಸಲದ ವೈನು ಬೂಷ್ಟು ಹಿಡಿದು ಗಟಾರ ಸೇರಿತ್ತು. ಆದರೂ ಮುಂಡರಗಿ ಕಡೆಯ ತೋಟದಿಂದ ಮತ್ತೆ ಒಂದು ಬುಟ್ಟಿ ಕರಿ ದ್ರಾಕ್ಷಿ ತಂದು ಇಳಿಸಿದೆ. ಹೆಂಡತಿ ಕರಾರು ಹಾಕಿದಳು.

"ಇದೊಂದು ಸಲ ಮಾಡ್ರಿ. ಇದೂ ಕೆಟ್ಟರ ಗಟಾರಕ್ಕ ಸುರಿಯೂದು. ಆಮ್ಯಾಲೆ ಈ ಮನ್ಯಾಗ ದ್ರಾಕ್ಷಿ ಬಂದ್ರ ತಿನ್ನಾಕ ಅಷ್ಟ."

"ಕೆಟ್ಟೈತೋ ಇಲ್ಲೋ ಹೇಳಾವ್ರು ಯಾರು?"

"ನಾನ."

ಒಪ್ಪಿದೆ. ಒಪ್ಪಿದ ಮೇಲೆ ಮಾತು ಮುರಿಯುವವನು ನಾನಲ್ಲ.

ಜಾಗದ ತಕರಾರು

ರಸದ ಜಾಡಿಯನ್ನು ಕತ್ತಲೆಯ, ತಂಪಾದ, ಅಲುಗಾಡದ ಜಾಗದಲ್ಲಿಡಬೇಕೆಂದು ಪುಸ್ತಕ ಹೇಳಿತ್ತು. ನಮ್ಮ ಮನೆಯಲ್ಲಿ ಅಂಥ ಜಾಗ ದೇವರ ಕೋಣೆ ಒಂದೇ.

"ದೇವರ ಬಾಜೂಕ ಇದನ್ನ ಇಡ್ತೀರೇನು?" ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು.

"ಇನ್ನೂ ಇದು ಬರೇ ದ್ರಾಕ್ಷಿರಸ."

"ದೇವರಿಗೆ ಮುಂದಿಂದೂ ಗೊತ್ತಿರತೈತ್ರಿ."

ಉಳಿದದ್ದು ನಮ್ಮವ್ವನ ಮಂಚದ ಬುಡ. ಜಾಡಿಯ ಮುಚ್ಚಳದಿಂದ ಸಣ್ಣ ನಳಿಗೆ ಎಳೆದು ಅದರ ತುದಿಯನ್ನು ನೀರಿನ ಬಾಟಲಿಗೆ ಬಿಟ್ಟೆ; ರಸ ಹುದುಗತೊಡಗಿದರೆ ಗಾಳಿ ಅದರಲ್ಲಿ ಗುಳುಗುಳು ಎಂದು ಹೊರಬರುತ್ತದೆ ಎಂದು ಅವ್ವನಿಗೆ ವಿವರಿಸಿದೆ.

"ಅಲ್ಲಲೇ, ನನ್ನ ಮಂಚದ ಬುಡಕ ಗುಳುಗುಳು ಅಂದ್ರ, ಬಂದ ಮಂದಿ ಮುದುಕಿ ಹೊಟ್ಟಿ ಕೆಟ್ಟೈತಿ ಅಂತಾರ!"

ಹೆಪ್ಪು

ಆದರೆ ಗುಳುಗುಳು ಬರಲೇ ಇಲ್ಲ. ಕಚೇರಿಗೆ ಹೋಗುವ ಮುಂಚೆ, ಬಂದ ಮೇಲೆ, ಮಂಚದ ಕೆಳಗೆ ಬಗ್ಗಿ ನೋಡುವುದೇ ನನ್ನ ಕೆಲಸವಾಯಿತು. ಅವ್ವನಿಗೆ ನನ್ನ ಮುಖ ನೋಡಲಾಗಲಿಲ್ಲ. ಒಂದು ಸಂಜೆ ಬರುವಷ್ಟರಲ್ಲಿ ನೀರಿನ ಬಾಟಲಿ ಗುಳುಗುಳು ಎನ್ನುತ್ತಿತ್ತು. ನಾನು ಕುಣಿಯುವುದೊಂದು ಬಾಕಿ.

"ಆಗಲಾರದ ಏನು ಮಾಡತೈತಿ?" ಎಂದಳು ಅವ್ವ. "ನೀ ಹೆಪ್ಪ ಹಾಕೂದು ಮರ್ತಿದ್ದಿ. ನಿನ್ನೆ ನಾ ಒಂದು ಚಮಚಾ ಮಜ್ಜಿಗಿ ಬಿಟ್ಟೆ."

ದ್ರಾಕ್ಷಿಯ ಸಿಪ್ಪೆಯ ಮೇಲಿನ ಈಸ್ಟಿನಿಂದಲೇ ಇದು ಹುದುಗಿದ್ದೆಂದು ಎಷ್ಟು ಹೇಳಿದರೂ ಕೇಳುವವರಿಲ್ಲ. ಓಣಿಯ ಹೆಂಗಸರೆಲ್ಲ ಅವ್ವನ ಕಡೆ. ಒಬ್ಬಾಕೆಯಂತೂ ಬಟ್ಟಲು ಹಿಡಿದು ಬಾಗಿಲಿಗೇ ಬಂದಳು: "ಅತ್ತೀ, ನಿಮ್ಮ ಮಜ್ಜಿಗಿ ಭಾಳ ಜೋರ ಐತಂತ. ನಮಗೂ ಒಂದೀಟು ಹೆಪ್ಪಿಗೆ ಕೊಡ್ರಿ."

ರೋಗಿಯ ಭೆಟ್ಟಿ

ಕೆಲವು ದಿನಕ್ಕೆ ಗುಳುಗುಳು ಸಣ್ಣದಾಯಿತು. ಮುಗಿಯಿತೋ, ಸತ್ತಿತೋ? ಖಾತ್ರಿ ಮಾಡಿಕೊಳ್ಳದೆ ಬಿಡುವ ಜಾಯಮಾನ ನನ್ನದಲ್ಲ. ಹಳೆಯ ಸಹಪಾಠಿ ಡಾಕ್ಟರನನ್ನು ಕರೆತಂದು, ಸ್ಟೆತಾಸ್ಕೋಪು ಹಚ್ಚಿ ನೋಡೆಂದೆ.

"ನಾ ಮನಷ್ಯಾರ ಡಾಕ್ಟರಲೇ!"

"ಈಸ್ಟಿಗೂ ಜೀವ ಐತಿ. ಹಚ್ಚು."

ಅವನು ಮಂಚದ ಕೆಳಗೆ ತೂರಿ ಜಾಡಿಗೆ ಹಚ್ಚಿದ. "ಉಸಿರು ಐತಿ, ಸಣ್ಣಗ. ಜಾಡಿ ಆರಾಮ ಐತಿ; ನಿನಗ ನಿದ್ದಿ ಗುಳಿಗಿ ಬರದು ಕೊಡ್ತೇನಿ."

ಡಾಕ್ಟರು ಬಂದುಹೋದದ್ದನ್ನು ಕಂಡ ಬಾಜೂ ಮನೆಯ ಸೀರೆ ವ್ಯಾಪಾರಿ ಸಾಹೇಬರು ಬ್ರೆಡ್ಡು, ದ್ರಾಕ್ಷಿ ಹಿಡಿದು ಓಡಿ ಬಂದರು. "ಯಾರಿಗೆ ಆರಾಮಿಲ್ರಿ ಸರ್? ಅವ್ವಾರಿಗೇನು?"

ಸುಳ್ಳು ಹೇಳುವವನಲ್ಲ ನಾನು. ಜಾಡಿ ತೋರಿಸಿದೆ. ಸಾಹೇಬರು ಬಗ್ಗಿ ಅದನ್ನು ನೋಡಿದರು, ಎದ್ದು ನನ್ನನ್ನು ನೋಡಿದರು. ಬ್ರೆಡ್ಡು ಅವ್ವನ ಕೈಗೆ ಕೊಟ್ಟು, ದ್ರಾಕ್ಷಿ ತಿರುಗಿ ಬಗಲಿಗಿಟ್ಟುಕೊಂಡರು.

"ಇಲ್ಲೆ ಬಿಟ್ರ ಇದಕ್ಕೂ ಅದ ಗತಿ ಬರತೈತ್ರಿ ಸರ್."

ತೀರ್ಪು

ಕಡೆಗೆ ರಸ ತಿಳಿಯಾಯಿತು. ಸೋಸಿದೆ. ಬಣ್ಣ ಮಾಣಿಕ್ಯದಂತಿತ್ತು, ಆದರೆ ಬಣ್ಣಕ್ಕೆ ತೀರ್ಪು ಕೊಡುವ ಅಧಿಕಾರವಿಲ್ಲ. ಹೆಂಡತಿಯ ಮುಂದೆ ಒಂದು ಚಮಚ ಹಿಡಿದು ನಿಂತೆ. ಕಣ್ಣು ಮುಚ್ಚಿ ಕುಡಿದಳು.

"ಹೆಂಗೈತಿ?"

"ಒಂದ ಚಮಚಾದಾಗ ಏನ ತಿಳೀತೈತ್ರಿ?"

ಬಟ್ಟಲಲ್ಲಿ ಕೊಟ್ಟೆ. ಕುಂತು ಕುಡಿದಳು. ಅವ್ವನೂ ತನ್ನ ಬಟ್ಟಲು ಮುಂದಕ್ಕೆ ದೂಡಿದಳು: "ನನ್ನ ಮಜ್ಜಿಗಿ ಏನ ಮಾಡೇತಿ ನೋಡಬೇಕಲ್ಲ." ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಮತ್ತೊಮ್ಮೆ ಬಟ್ಟಲು ಚಾಚಿದರು. ಕೊನೆಗೆ ಹೆಂಡತಿ ಬಾಯಿ ಒರೆಸಿಕೊಂಡು ಹೇಳಿದಳು:

"ಕೆಟ್ಟೈತ್ರಿ."

ಕರಾರು ಕರಾರೇ. ಜಾಡಿ ಎತ್ತಿಕೊಂಡು ಗಟಾರದ ಕಡೆ ಹೊರಟೆ. ಹೆಂಡತಿ ಹಿಂದಿನಿಂದ ಓಡಿ ಬಂದು ಜಾಡಿಯನ್ನು ಎರಡೂ ಕೈಯಿಂದ ಅವಚಿಕೊಂಡಳು.

"ಎಲ್ಲಿ ಹೊಂಟ್ರಿ? ಹೊರಗಿನ ಮಂದಿಗೆ ಕೊಡೂಹಂಗ ಇಲ್ಲ, ಅಷ್ಟು ಕೆಟ್ಟೈತಿ ಅಂದೆ. ಚೆಲ್ರಿ ಅಂತ ಯಾರ ಅಂದ್ರು? ನಾಳೆ ಜಲ್ದಿ ಎದ್ದು ಮುಂಡರಗಿಗೆ ಹೋಗ್ರಿ. ಈ ಸಲ ಎರಡು ಬುಟ್ಟಿ ತರ್ರಿ!"