ಫಟ್‌ಫಟಿಯ ಕನ್ನಡಿಯೂ ನನ್ನ ಮೊಣಕೈಯೂ

ಕೆಲವರ ಮನೆಗೆ ನೆಂಟರು ಬರುತ್ತಾರೆ, ಕೆಲವರ ಮನೆಗೆ ಕಳ್ಳರು ಬರುತ್ತಾರೆ. ನನ್ನಲ್ಲಿಗೆ ಬರುವುದು ಇಂಥ ಪ್ರಸಂಗಗಳು. ಕರೆಯುವುದೂ ಬೇಡ, ಓಡಿಸಿದರೆ ಹೋಗುವುದೂ ಇಲ್ಲ.

ಯುದ್ಧ ಮುಗಿದು ತನ್ನ ದೇಶಕ್ಕೆ ಹೊರಟ ಬಿಳಿ ದೊರೆಯೊಬ್ಬನ ಹಳೇ ಮೋಟಾರ್ ಸೈಕಲ್ ನನ್ನ ಪಾಲಿಗೆ ಬಂದಾಗ ಕೊಡಿಯಾಲ್‌ಬೈಲಿನವರೆಲ್ಲ ನನ್ನನ್ನು ಅದೃಷ್ಟವಂತ ಎಂದರು. ಹಂಚಿನ ಕಾರ್ಖಾನೆಗೆ ಬೇಕಾದ ಆವೆಮಣ್ಣನ್ನು ಗದ್ದೆ ಗದ್ದೆಗೆ ಹೋಗಿ ನೋಡಿ ಬರುವುದು ನನ್ನ ಕೆಲಸ. ಸೈಕಲ್ ತುಳಿದು ತುಳಿದು ಮೊಣಕಾಲು ಸವೆದವನಿಗೆ ಈ ಫಟ್‌ಫಟಿ ಪುಷ್ಪಕ ವಿಮಾನವೇ ಆಯಿತು. ಆ ವಿಮಾನದ ಬಲಗಡೆ ನಿಪ್ಪಟ್ಟಿನಷ್ಟು ಅಗಲದ ಒಂದು ಕನ್ನಡಿ ಇತ್ತು. ಕಂಪೆನಿಯವರೇ ಕೂರಿಸಿ ಕಳುಹಿಸಿದ್ದು. ನನ್ನ ಸಂಸಾರ ಎರಡು ಊರಾದದ್ದು ಅದರಿಂದಲೇ.

ಗದ್ದೆಗೆ ಇಳಿದದ್ದು

ಹೆಂಡತಿಯ ತವರು ವಾಮಂಜೂರು. ಕೊಯ್ಲಿಗೆಂದು ಹೋದವಳನ್ನು ಕರೆದುಕೊಂಡು ಬರಲು ಫಟ್‌ಫಟಿಯಲ್ಲೇ ಹೋದೆ. ಸೀರೆಯ ನೆರಿಗೆ ಸೆಕ್ಕಿಕೊಂಡು, ಒಂದೇ ಬದಿಗೆ ಕಾಲು ಹಾಕಿ ಅವಳು ಹಿಂದೆ ಕೂತಳು. ಊರು ಇನ್ನೂ ದಾಟಿರಲಿಲ್ಲ, ಹಿಂದಿನಿಂದ ಇದ್ದಿಲ ಗ್ಯಾಸಿನ ಬಸ್ಸೊಂದು ಕಿವಿಯ ಬುಡದಲ್ಲೇ ಹಾರ್ನ್ ಹೊಡೆಯಿತು. ಹೆದರಿ ಎಡಕ್ಕೆ ತಿರುಗಿಸಿದೆ. ಎಡಕ್ಕೆ ಗದ್ದೆ ಇತ್ತು.

ಏರು ಬಂದರೆ ಜನ ಇಳಿದು ನೂಕಬೇಕಾದ ಬಸ್ಸು ಅದು. ಅಂಥದ್ದು ಬೆನ್ನಿಗೆ ಬರುವವರೆಗೆ ನನಗೆ ಕಾಣಲಿಲ್ಲ.

ಕೆಸರಿನಿಂದ ಎದ್ದ ಹೆಂಡತಿ ಮೊದಲು ಕೇಳಿದ್ದು, "ಅಷ್ಟು ಹೊತ್ತು ಆ ಕನ್ನಡಿಯಲ್ಲಿ ಎಂತ ನೋಡ್ತಾ ಇದ್ದದ್ದು ನೀವು?"

"ನನ್ನ ಮೊಣಕೈ. ಅದರಲ್ಲಿ ಬೇರೆ ಎಂತದೂ ಕಾಣುವುದಿಲ್ಲ" ಎಂದೆ.

ಅವಳು ಕೆಸರು ಸೀರೆಯಲ್ಲೇ ತವರಿನ ಕಡೆಗೆ ನಡೆದೇ ಬಿಟ್ಟಳು. ನಮ್ಮದು ಅಳಿಯಕಟ್ಟು, ಹೆಣ್ಣಿನ ವಿಷಯದಲ್ಲಿ ಅಪ್ಪನಿಗಿಂತ ಸೋದರಮಾವನ ಮಾತು ದೊಡ್ಡದು. ಅವಳು ಅಲ್ಲೇ ಉಳಿದರೂ ಅನ್ನಕ್ಕೆ ಕೊರತೆಯಿಲ್ಲ, ಆಡಿಕೊಳ್ಳುವವರೂ ಇಲ್ಲ. ಆಡಿಕೊಂಡರೆ ನನ್ನನ್ನೇ. ಅವಳ ಸೋದರಮಾವ ಚಾವಡಿಯಲ್ಲಿ ಕೂತು ತೀರ್ಪು ಕೊಟ್ಟರು: "ಹಿಂದಿನದ್ದು ಕಾಣುವ ಕನ್ನಡಿ ಹಾಕಿಕೊಂಡು ಬನ್ನಿ. ಅಲ್ಲಿಯವರೆಗೆ ಹುಡುಗಿ ಇಲ್ಲೇ ಇರ್ತಾಳೆ."

"ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತೇನೆ ಮಾವ" ಎಂದು ಅಂಗಲಾಚಿದೆ.

"ಅವಳು ಬಸ್ಸಿನಲ್ಲಿ ಬಂದರೆ ಎಂತ ಆಯಿತು? ಮರುದಿನ ನೀವು ಪುನಃ ಆ ಫಟ್‌ಫಟಿಯ ಮೇಲೆ ಕೂರ್ತೀರಲ್ಲ! ವಿಧವೆ ಮಾಡಿ ವಾಪಸು ಕಳಿಸುವುದಾದರೆ ಹೋಗಿ ಬರುವ ಬಸ್ ಚಾರ್ಜು ಯಾಕೆ ದಂಡ?"

ಕಂಪೆನಿಯವನಿಗೆ ಬುದ್ಧಿ ಇಲ್ಲವಾ?

ಕನ್ನಡಿ ಬದಲಿಸುವುದು ಅರ್ಧ ಗಂಟೆಯ ಕೆಲಸ. ಆದರೆ ನಾನು ಬಾಯಿ ಬಿಟ್ಟು ನಾಲ್ಕು ಜನರನ್ನು ಕೇಳಿದೆ. ನನ್ನ ಜೀವಮಾನದ ಕಷ್ಟಗಳೆಲ್ಲ ಹುಟ್ಟಿದ್ದು ಹೀಗೆ ಕೇಳಿಯೇ.

ಕಾರ್ಖಾನೆಯ ಹೆಡ್ ಗುಮಾಸ್ತರು ಸೈಕಲನ್ನೂ ಹತ್ತಿದವರಲ್ಲ. ಕನ್ನಡಿ ತೆಗೆಯುವ ಮಾತು ಕೇಳಿ ಅವರಿಗೆ ಸಿಟ್ಟೇ ಬಂತು. "ಬಿಲಾಯತಿಯಲ್ಲಿ ಕೂತು ಅಷ್ಟು ದೊಡ್ಡ ಇಂಜಿನ್ ಮಾಡಿದ ಕಂಪೆನಿಯವನಿಗೆ ಒಂದು ಕನ್ನಡಿ ಇಡಲು ಬುದ್ಧಿ ಇಲ್ಲವಾ? ತಪ್ಪು ಕನ್ನಡಿಯದ್ದಲ್ಲ ಮಾರಾಯ, ಕೈಯದ್ದು. ಕೈ ಎತ್ತಿ ನೋಡು."

ಅದೂ ಸರಿ ಎನಿಸಿತು. ಮರುದಿನ ಬಲ ಮೊಣಕೈಯನ್ನು ಕೋಳಿಯ ರೆಕ್ಕೆಯ ಹಾಗೆ ಎತ್ತಿ ಹಂಪನಕಟ್ಟೆಯ ಚೌಕಕ್ಕೆ ಬಂದೆ. ಹಿಂದಿನ ರಸ್ತೆ ಸ್ವಲ್ಪ ಸ್ವಲ್ಪ ಕಂಡದ್ದು ನಿಜ. ಆದರೆ ಆಗೆಲ್ಲ ತಿರುಗುವವರು ಕೈ ತೋರಿಸಿಯೇ ತಿರುಗಬೇಕು. ನಾನು ಬಲಕ್ಕೆ ತಿರುಗುತ್ತೇನೆಂದು ಪೋಲೀಸಿನವನು ಎದುರಿನ ಎತ್ತಿನ ಗಾಡಿಗಳನ್ನೆಲ್ಲ ನಿಲ್ಲಿಸಿದ. ನಾನು ನೆಟ್ಟಗೆ ಹೋದೆ. ಸಂಜೆ ಬರುವಾಗಲೂ ನಿಲ್ಲಿಸಿದ, ಆಗಲೂ ನೆಟ್ಟಗೇ ಹೋದೆ. ಮೂರನೆಯ ದಿನ ಅವನು ನನ್ನನ್ನೇ ನಿಲ್ಲಿಸಿದ.

"ಬಲಕ್ಕೆ ಹೋಗಬೇಕೆಂದು ಉಂಟಾ, ಇಲ್ಲವಾ?"

"ಇಲ್ಲ."

"ಕೈಗೆ ಎಂತ, ಪೆಟ್ಟಾಗಿದೆಯಾ?"

"ಇಲ್ಲ, ಹಿಂದೆ ನೋಡಲಿಕ್ಕೆ ಎತ್ತಿದ್ದು."

ಅವನು ಫಟ್‌ಫಟಿಯನ್ನೂ ನನ್ನನ್ನೂ ಒಂದು ಸುತ್ತು ಬಂದು ನೋಡಿ, ಬಹಳ ಮರುಕದಿಂದ ಹೇಳಿದ: "ಇವತ್ತು ಬಲಕ್ಕೇ ಹೋಗಿ ಮಾರಾಯ್ರೆ. ಗಾಡಿಯವರು ಮೂರು ದಿನದಿಂದ ಕಾಯ್ತಾ ಇದ್ದಾರೆ."

ಕೆಂಪು ಬಟ್ಟೆ

ಮನೆಯಲ್ಲಿ ಅಮ್ಮನದು ಬೇರೆಯೇ ತಕರಾರು. ದೊಡ್ಡದೂ ಬೇಡ, ಚಿಕ್ಕದೂ ಬೇಡ, ಕನ್ನಡಿಯೇ ಬೇಡ.

"ಮನೆಯಿಂದ ಹೊರಟವನು ಹಿಂದೆ ತಿರುಗಿ ನೋಡಬಾರದು. ಅದಕ್ಕೇ ಅವಳು ಹಿಂದೆಯೇ ಉಳಿದದ್ದು."

"ನಾನು ತಿರುಗುವುದಿಲ್ಲ ಅಮ್ಮ, ಕನ್ನಡಿ ನೋಡುವುದು ಮಾತ್ರ."

"ನೋಡುವುದು ನೀನೇ ಅಲ್ಲವಾ?"

ಮರುದಿನ ಬೆಳಿಗ್ಗೆ ಅಮ್ಮ ಕನ್ನಡಿಗೆ ಕೆಂಪು ಬಟ್ಟೆ ಸುತ್ತಿ ಗಂಟು ಹಾಕಿದರು. ಓಣಿ ದಾಟಿದ ಮೇಲೆ ಬಿಚ್ಚಿಕೋ ಎಂದರು. ಆ ದಿನ ಮೂರು ಕಡೆ ಮಣ್ಣು ನೋಡಿ, ಎರಡು ಬಸ್ಸಿಗೆ ದಾರಿ ಬಿಟ್ಟು, ಕತ್ತಲಾಗುವ ಮೊದಲೇ ಮನೆಗೆ ಬಂದೆ. ನಡುನಡುವೆ ಕನ್ನಡಿ ನೋಡಿದ್ದೂ ನೆನಪಿದೆ.

ಅಂಗಳದಲ್ಲಿ ಅಮ್ಮ ಕೇಳಿದರು, "ಬಟ್ಟೆ ಬಿಚ್ಚಲೇ ಇಲ್ಲವಾ?"

ಬಿಚ್ಚಿರಲಿಲ್ಲ. ಕನ್ನಡಿಗೆ ಬಟ್ಟೆ ಇನ್ನೂ ಸುತ್ತಿಕೊಂಡೇ ಇದ್ದದ್ದು ನನಗೆ ಇಡೀ ದಿನ ಗೊತ್ತೇ ಆಗಿರಲಿಲ್ಲ. ಆ ರಾತ್ರಿ ಒಬ್ಬನೇ ಉಣ್ಣುವಾಗ ನನ್ನ ಅವಸ್ಥೆಗೆ ನನಗೇ ಅಳು ಬಂತು. ಹೆಂಡತಿ ಹೋಗಿ ತಿಂಗಳಾಗಿತ್ತು. ಆ ಕನ್ನಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ಅವಳು ಇಲ್ಲದಿದ್ದರೆ ಒಂದೇ ಅಲ್ಲ. ಬದಲಿಸುವುದೇ ಸೈ ಎಂದು ನಿಶ್ಚಯ ಮಾಡಿದೆ. ಅಮ್ಮನೂ ಒಪ್ಪಿದರು: "ಬದಲಿಸು. ದೊಡ್ಡದಾದರೆ ಬಟ್ಟೆಯೂ ದೊಡ್ಡದು ಹುಡುಕ್ತೇನೆ."

ಇಬ್ಬಿಬ್ಬರೇ ನೋಡಿ

ಒಳ್ಳೆಯ ಕನ್ನಡಿ ಬೇಕಾದರೆ ಹೊಳೆಯಾಚೆಯ ತೊಕ್ಕೊಟ್ಟಿನ ಒಬ್ಬ ಬ್ಯಾರಿಯವರ ಅಂಗಡಿ. ಬಾಚಣಿಗೆ, ಅತ್ತರು, ಕೊಡೆ, ಕನ್ನಡಿ ಎಲ್ಲ ಬೊಂಬಾಯಿಯಿಂದ ತರಿಸುತ್ತಿದ್ದರು. ಆಗ ನೇತ್ರಾವತಿಗೆ ರಸ್ತೆಯ ಸೇತುವೆ ಇಲ್ಲ. ಗಾಡಿಯನ್ನು ಈಚೆ ದಡದಲ್ಲಿ ಬಿಟ್ಟು ದೋಣಿಯಲ್ಲಿ ಹೋದೆ.

"ಎಷ್ಟು ದೊಡ್ಡದು ಬೇಕು?" ಎಂದರು ಬ್ಯಾರಿಯವರು.

"ಒಂದು ಬಸ್ಸು ಕಾಣುವಷ್ಟು."

ಅವರು ಗಡ್ಡ ನೀವಿಕೊಂಡು ಯೋಚಿಸಿದರು. "ನಮ್ಮಲ್ಲಿ ಮದುಮಗಳು ಕಾಣುವಷ್ಟು ದೊಡ್ಡದು ಉಂಟು. ಬಸ್ಸಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ."

ಕೊನೆಗೆ ಹಿತ್ತಾಳೆಯ ಚೌಕಟ್ಟಿನ, ಊಟದ ಬಟ್ಟಲಿನಷ್ಟು ಅಗಲದ ಕನ್ನಡಿ ಕೊಟ್ಟರು. ಒಡೆದಿದೆಯೋ ಎಂದು ಸುತ್ತಿದ ಕಾಗದ ಬಿಚ್ಚಿ ನೋಡಿ, ದೋಣಿಯಲ್ಲಿ ಮಡಿಲಲ್ಲಿಟ್ಟು ಕೂತೆ. ಪಕ್ಕದ ಮೀನಿನ ಹೆಂಗಸು ಬಗ್ಗಿ ಹಣೆಯ ಕುಂಕುಮ ಸರಿ ಮಾಡಿಕೊಂಡಳು. ಅವಳ ಹಿಂದಿನವನು ಮೀಸೆ ನೋಡಿಕೊಂಡ. ಅವನನ್ನು ಕಂಡು ಆಚೆ ಬದಿಯವರೂ ಎದ್ದು ಬಂದರು. ದೋಣಿ ನನ್ನ ಕಡೆಗೆ ವಾಲಿ, ನೀರು ಅಂಚಿಗೆ ಬಂತು. ಹೆಂಡತಿಯನ್ನು ಕರೆತರುವ ಮೊದಲೇ ಹೊಳೆ ಪಾಲಾದೆ ಎಂದು ಕಣ್ಣು ಮುಚ್ಚಿದೆ.

ದೋಣಿ ನೂಕುವವನು ಜಲ್ಲೆ ಎತ್ತಿ ಗದರಿದ: "ಎಲ್ಲ ಒಟ್ಟಿಗೆ ಬೇಡ, ಇಬ್ಬಿಬ್ಬರೇ ನೋಡಿ! ಎಲ್ಲರದ್ದು ಆದ ಮೇಲೆ ನನಗೂ ಒಮ್ಮೆ ತೋರಿಸಿ!"

ಪರೀಕ್ಷೆ

ಕಂಪೆನಿಯ ಕನ್ನಡಿ ಇಳಿಯಿತು, ತೊಕ್ಕೊಟ್ಟಿನದು ಏರಿತು. ಮೊಣಕೈಯ ಪಕ್ಕದಲ್ಲಿ ಹಿಂದಿನ ರಸ್ತೆ, ಮರ, ಗಾಡಿ, ನಾಯಿ ಎಲ್ಲ ಕಂಡವು. ಹೆಮ್ಮೆಯಿಂದ ವಾಮಂಜೂರಿಗೆ ಹೋಗಿ ಚಾವಡಿಯ ಎದುರು ನಿಲ್ಲಿಸಿದೆ.

ಹೆಂಡತಿಯ ಸೋದರಮಾವ ಮುಂಡಾಸು ಬಿಗಿದುಕೊಂಡು, ಪರೀಕ್ಷೆಗೆಂದು ತಾವೇ ಹಿಂದೆ ಹತ್ತಿ ಕೂತರು. "ಎಂತದೂ ಕಾಣುವುದಿಲ್ಲವಲ್ಲ!" ಎಂದರು. ನನ್ನ ಹೆಗಲ ಮೇಲಿಂದ ಕೈ ಚಾಚಿ ಕನ್ನಡಿಯನ್ನು ಆಚೆ ತಿರುಗಿಸಿ, ಈಚೆ ತಿರುಗಿಸಿ, ಕೊನೆಗೆ "ಹಾಂ, ಈಗ ಗೇಟಿನವರೆಗೆ ಕಾಣ್ತದೆ. ಒಳ್ಳೆ ಕನ್ನಡಿ" ಎಂದು ತಲೆದೂಗಿದರು.

"ಮಾವ, ಈಗ ನನಗೆ ಕಾಣುವುದಿಲ್ಲ" ಎಂದೆ.

"ನಿಮಗೆ ಯಾಕೆ? ನೀವು ಮುಂದೆ ನೋಡಿ. ಹಿಂದಿನದ್ದು ನೋಡಲಿಕ್ಕೆ ಹಿಂದೆ ಕೂತವರು ಇದ್ದಾರಲ್ಲ!"

ವಾದ ಮಾಡಿದರೆ ಇನ್ನೊಂದು ತಿಂಗಳು ಒಬ್ಬನೇ ಉಣ್ಣಬೇಕು. ಹೂಂ ಎಂದೆ. ಮಾವ ಇಳಿದರು, ಹೆಂಡತಿ ಗಂಟುಮೂಟೆ ಹಿಡಿದು ಬಂದು ಕೂತಳು. ಅವಳೂ ಕೈ ಚಾಚಿ ಕನ್ನಡಿಯನ್ನು ಇನ್ನಷ್ಟು ತಿರುಗಿಸಿಕೊಂಡಳು. ಹೊರಟೆವು. ಒಂದು ತಿಂಗಳ ನಂತರ ಅವಳ ಕೈ ನನ್ನ ಹೆಗಲ ಮೇಲಿತ್ತು. ಅಷ್ಟರಲ್ಲಿ ಹಿಂದೆ ಎಲ್ಲೋ ಹಾರ್ನ್ ಕೇಳಿಸಿತು.

"ಬಸ್ಸಾ? ಎಷ್ಟು ದೂರ ಉಂಟು, ನೋಡಿ ಹೇಳು!" ಎಂದು ಕೂಗಿದೆ.

"ನನಗೆಲ್ಲಿ ಬಸ್ಸು ಕಾಣ್ತದೆ?" ಎಂದಳು ಅವಳು. "ಕನ್ನಡಿಯಲ್ಲಿ ನಿಮ್ಮ ಮುಖ ಮಾತ್ರ ಕಾಣುವುದು. ನಾನೇ ಹಾಗೆ ತಿರುಗಿಸಿದ್ದು."

"ನನ್ನ ಮುಖ ನೋಡಿ ಎಂತ ಮಾಡ್ತೀಯೇ?"

"ಆವತ್ತು ಗದ್ದೆಗೆ ಬೀಳುವಾಗ ನಿಮ್ಮ ಮುಖ ನನಗೆ ಕಾಣಲಿಲ್ಲ, ಹಾಗಾಗಿ ಒಟ್ಟಿಗೆ ಬಿದ್ದೆ. ಇನ್ನು ಹಾಗಿಲ್ಲ. ನಿಮಗೆ ಹೆದರಿಕೆಯಾದದ್ದು ಕಂಡ ಕೂಡಲೇ ನಾನು ಮೊದಲೇ ಹಾರ್ತೇನೆ."