ಇಂಗ್ಲೆಂಡಿನ ಗೋಲುಗಳಿಗೆ ಬ್ಯಾಡಗಿಯಲ್ಲಿ ಬಿದ್ದ ಕೊಸರು

ಸ್ಥಳ: ಬ್ಯಾಡಗಿ
ದಿನಾಂಕ: 21-2-1995

ಇಂದ,
ಮಹಮ್ಮದ್ ಹನೀಫ್, ವಯಸ್ಸು 47,
ಮೆಣಸಿನಕಾಯಿ ದಲಾಲಿ ಅಂಗಡಿಯ ಗುಮಾಸ್ತ,
ಸ್ಟೇಷನ್ ರಸ್ತೆ, ಬ್ಯಾಡಗಿ, ಜಿಲ್ಲಾ ಧಾರವಾಡ.
(ಬರೆದವನು: ಅಲ್ಲಾವುದ್ದೀನ, ಅರ್ಜಿ ಬರೆಯುವವನು. ಅರ್ಜಿದಾರನು ಸ್ವತಃ ಗುಮಾಸ್ತನಿದ್ದರೂ, ಈ ವಿಷಯ ಬರೆಯಲು ಕೂತರೆ ಕಾಗದದ ಮೇಲೆ ಬರೀ ಬೈಗುಳ ಇಳಿಯುತ್ತಿರುವ ಕಾರಣ ಈ ವ್ಯವಸ್ಥೆ.)

ಗೆ,
ಮಾನ್ಯ ಪೋಸ್ಟ್ ಮಾಸ್ತರರು,
ಅಂಚೆ ಕಚೇರಿ, ಬ್ಯಾಡಗಿ.

ವಿಷಯ: ಇಂಗ್ಲೆಂಡಿಗೆ ಹೊರಟ ರಜಿಸ್ಟರ್ ಲಕೋಟೆಯನ್ನು ದಾರಿಯಲ್ಲೇ ತಡೆದು ವಾಪಸ್ ಕೊಡಿಸುವ ಹಾಗೂ ಇತರೆ ಕುರಿತು.

ಉಲ್ಲೇಖ:
1. ತಮ್ಮ ಕಚೇರಿಯ ರಜಿಸ್ಟರ್ ರಸೀದಿ, ದಿ. 18-2-1995, ಶನಿವಾರ.
2. ಅದೇ ದಿನ ಸಂಜೆ ಲಂಡನ್ ರೇಡಿಯೋದಲ್ಲಿ ಬಂದ ಒಂದು ಮಾತು.
3. ಮರುದಿನ ಹಮಾಲ ತಿರಕಪ್ಪನು ನೀಡಿದ "ಹೋಗ್ರಿ, ನಿಮ್ಮ ಗೋಲ್ ನೀವ ಎಣಿಸ್ಕೊರ್ರಿ" ಎಂಬ ಮೌಖಿಕ ಹೇಳಿಕೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ,

1. ಸದರಿ ಅರ್ಜಿದಾರನು ಹುಟ್ಟಿದಾಗಿನಿಂದ ಒಮ್ಮೆಯೂ ಚೆಂಡು ಒದ್ದವನಲ್ಲ. ಆದಾಗ್ಯೂ 1984ರಲ್ಲಿ ರಾಣೆಬೆನ್ನೂರಿನ ರದ್ದಿ ಅಂಗಡಿಯಲ್ಲಿ, ಊರು ಬಿಟ್ಟ ರೈಲ್ವೆ ಸಾಹೇಬರೊಬ್ಬರ ಮನೆಯಿಂದ ಬಂದ ಇಂಗ್ಲಿಷ್ ಫುಟ್‌ಬಾಲಿನ ಹಳೆಯ ಪುಸ್ತಕಗಳ ಗಂಟು ಆತನ ಕಣ್ಣಿಗೆ ಬಿತ್ತು. ಅಲ್ಲಿನ ಮೇಲ್ದರ್ಜೆಯ ಪಂದ್ಯಗಳಲ್ಲಿ ಯಾರು ಯಾರು ಗೋಲು ಹೊಡೆದರೆಂದು ಪಂದ್ಯವಾರು ಬರೆದಿತ್ತು, ಒಟ್ಟು ಮೊತ್ತ ಮಾತ್ರ ಎಲ್ಲಿಯೂ ಇರಲಿಲ್ಲ. ಒಟ್ಟು ಹಾಕದೆ ಬಿಟ್ಟ ಹಾಳೆ ಕಂಡರೆ ಗುಮಾಸ್ತನಾದವನಿಗೆ ಅನ್ನ ಸೇರುವುದಿಲ್ಲ. ಕಾರಣ, ಗಂಟನ್ನು ಮನೆಗೆ ತಂದನು.

2. ಅಂದಿನಿಂದ ಹನ್ನೊಂದು ವರ್ಷ, ಪ್ರತಿ ರವಿವಾರ, ಮುಚ್ಚಿದ ಅಂಗಡಿಯಲ್ಲಿ ಕೆಲಸ ನಡೆಯಿತು. ಅರ್ಜಿದಾರನು ಪುಸ್ತಕದಲ್ಲಿ ಕಣ್ಣಿಟ್ಟು ಹೆಸರು ಕೂಗುವುದು. ಅಂಗಡಿಯ ಹಮಾಲ, ಅಕ್ಷರ ಬಾರದ ತಿರಕಪ್ಪನು ಗೋಣಿತಟ್ಟಿನ ಮೇಲೆ ಆಟಗಾರನಿಗೊಂದು ಗುಂಪಿ ಮಾಡಿ, ಗೋಲಿಗೊಂದು ಒಣ ಮೆಣಸಿನಕಾಯಿ ಇಡುವುದು. ಕೊನೆಗೆ ಅರ್ಜಿದಾರನು ಗುಂಪಿ ಎಣಿಸಿ ಬರೆದುಕೊಳ್ಳುವುದು. ಇಬ್ಬರೂ ಸೀನುವುದು. ಡೀನ್ ಎಂಬ ಹಳೆಯ ಆಟಗಾರನನ್ನು ತಿರಕಪ್ಪನು ಡೀನಪ್ಪನೆಂದೇ ಕರೆಯುತ್ತಿದ್ದನು. "ಡೀನಪ್ಪ ಇವತ್ತ ಭಾರಿ ಖುಷಿಯೊಳಗ ಅದಾನ್ರಿ, ಮೂರು ಹೊಡದ!" ಎಂದು ಆತ ಅಂದರೆ ಅರ್ಜಿದಾರನಿಗೆ ವಾರದ ದಣಿವೆಲ್ಲ ಇಳಿಯುತ್ತಿತ್ತು.

3. ಹೀಗಿರಲಾಗಿ 1992ರಲ್ಲಿ ಸದರಿ ದೇಶದವರು ಮೇಲ್ದರ್ಜೆಯ ಪಂದ್ಯಾವಳಿಗೆ ಹೊಸ ಹೆಸರಿಟ್ಟರು. ಬಹಳ ಜನ ಅಂದಿನಿಂದಲೇ ಗೋಲು ಎಣಿಸತೊಡಗಿದರು. ಹಾಗಾದರೆ ಅದಕ್ಕೂ ಮೊದಲು ನೂರು ವರ್ಷ ಆಡಿದವರೇನು ಹುಲ್ಲು ಕೊಯ್ಯಲು ಮೈದಾನಕ್ಕೆ ಬಂದಿದ್ದರೇ? ಅರ್ಜಿದಾರನ ಪಿತ್ತ ನೆತ್ತಿಗೇರಿತು. ಪುಸ್ತಕದ ಹಳೆಯದನ್ನೂ, ಲಂಡನ್ ರೇಡಿಯೋ ಕೇಳಿ ಬರೆದುಕೊಂಡ ಹೊಸದನ್ನೂ ಕೂಡಿಸಿ ಒಂದೇ ಪಟ್ಟಿ ಮಾಡಿ, ಇಂಥ ಲೆಕ್ಕ ಇಡುವ ಇಂಗ್ಲೆಂಡಿನ ಸಂಘವೊಂದಕ್ಕೆ ಪತ್ರ ಬರೆದನು. "ಕಳಿಸಿರಿ, ತಮ್ಮ ಹೆಸರಿನಲ್ಲೇ ಅಚ್ಚು ಹಾಕುತ್ತೇವೆ" ಎಂದು ಉತ್ತರ ಬಂತು. ಆದ್ದರಿಂದ ಉಲ್ಲೇಖ 1ರಂತೆ ಪಟ್ಟಿಯನ್ನು ಕಳಿಸಿ, ಸ್ಟೇಷನ್ನಿನ ಎದುರು ತಿರಕಪ್ಪನಿಗೆ ಮಿರ್ಚಿ ಭಜಿ ತಿನ್ನಿಸಿದನು. ಆ ಸಂಜೆಯ ತನಕ ಎಲ್ಲ ಸರಿಯಿತ್ತು.

4. ಸಂಜೆ ರೇಡಿಯೋದವರು ಮಾತಿನ ನಡುವೆ, 1927-28ರಲ್ಲಿ ಡೀನ್ ಅವರು ಒಂದೇ ಋತುವಿನಲ್ಲಿ ಹೊಡೆದ ಅರವತ್ತು ಗೋಲು ಎಂದುಬಿಟ್ಟರು. ಅರ್ಜಿದಾರನು ಪಟ್ಟಿಯ ನಕಲು ತೆಗೆದು ನೋಡಿದನು. ಆತನ ಪಟ್ಟಿಯಲ್ಲಿ ಅರವತ್ತಾರು ಇತ್ತು. ಮೊದಲು ರೇಡಿಯೋದ ಮೇಲೆ ಸಂಶಯಪಟ್ಟನು. ಆಮೇಲೆ ಇಡೀ ಇಂಗ್ಲೆಂಡಿನ ಮೇಲೆ. ಆಮೇಲೆ ತನ್ನ ಚಾಳೀಸು ಕನ್ನಡಕದ ಮೇಲೆ. ತಿರಕಪ್ಪನ ಮೇಲೆ ಸಂಶಯಪಡುವಷ್ಟರಲ್ಲಿ ರವಿವಾರ ಬೆಳಗಾಯಿತು.

5. ರವಿವಾರ ಪರೀಕ್ಷಾರ್ಥವಾಗಿ ಅರ್ಜಿದಾರನು ಡೀನನ ಹೆಸರನ್ನು ಹತ್ತು ಸಲ ಕೂಗಿ, ಈ ಸಲ ಪುಸ್ತಕ ನೋಡದೆ ತಿರಕಪ್ಪನ ಕೈ ನೋಡುತ್ತ ಕೂತನು. ಹತ್ತು ಕಾಯಿ ಬಿದ್ದವು. ಯಾರೂ ಕೂಗದೆ ಹನ್ನೊಂದನೆಯದೂ ಬಿತ್ತು.

"ಇದ್ಯಾಕೋ?"

"ಹತ್ತಾದುವಲ್ರಿ. ಕೊಸರು."

ತಮಗೆ ತಿಳಿದಂತೆ, ತಿರಕಪ್ಪನ ತಾಯಿ ಮೈಲವ್ವ ಗುತ್ತಲದ ಸಂತೆಯಲ್ಲಿ ನಿಂಬೆಹಣ್ಣು ಮಾರುತ್ತಿದ್ದಳು. ಹತ್ತು ಎಣಿಸಿ, ಮೇಲೊಂದು ಕೊಸರು ಹಾಕದೆ ಗಿರಾಕಿಯನ್ನು ಕಳಿಸಿದವಳಲ್ಲ. ಅದೇ ಕೈ ಮಗನಿಗೂ ಬಂದಿದೆ. ಅಂಗಡಿಯಲ್ಲಿ ಚೀಲ ಎಣಿಸುವಾಗ ಒಂದೂ ತಪ್ಪುವುದಿಲ್ಲ, ಚೀಲ ಮಾಲಕರ ಸ್ವತ್ತು. ಗೋಲಾದರೆ ತಾನೇ ಕೈಯಾರೆ ಕೊಡುವ ಮಾಲು. ಹನ್ನೊಂದು ವರ್ಷ ಇಂಗ್ಲೆಂಡಿನ ಯಾವ ಆಟಗಾರನನ್ನೂ ಆತ ಬರಿಗೈಲಿ ಕಳಿಸಿಲ್ಲ.

"ಅಷ್ಟು ಓಡ್ಯಾಡಿ ಹೊಡದಾರ್ರಿ, ಪಾಪ. ಹತ್ತಕ್ಕೊಂದು ಕೊಸರು ಹಾಕಲಿಲ್ಲಂದ್ರ ನಮ್ಮೂರ ಮರ್ಯಾದಿ ಏನಾಕ್ಕೈತಿ?" ಎಂದನು.

6. ಇಲ್ಲಿ ಅರ್ಜಿದಾರನ ನಾಲಿಗೆ ಜಾರಿತು. "ನಿನಗ ಎಣಸಾಕ ಬರಂಗಿಲ್ಲ" ಎಂದುಬಿಟ್ಟನು. ಇಪ್ಪತ್ತು ವರ್ಷ ಒಂದು ಚೀಲ ತಪ್ಪದಂತೆ ಎಣಿಸಿದ ಹಮಾಲನಿಗೆ ಈ ಮಾತು! ತಿರಕಪ್ಪನು ಎದ್ದು, ಟವೆಲ್ ಝಾಡಿಸಿ, ಉಲ್ಲೇಖ 3ರ ಹೇಳಿಕೆ ನೀಡಿ ಹೊರಟುಹೋದನು. ಅಂದಿನಿಂದ ಚೀಲ ಹೊರುತ್ತಾನೆ, ಮುಖ ತಿರುವುತ್ತಾನೆ. ಬರೆಯುವವನು ಅರ್ಜಿಯಲ್ಲಿ ತನ್ನ ಅಭಿಪ್ರಾಯ ಸೇರಿಸಬಾರದೆಂಬ ನಿಯಮವಿದೆ. ಆದಾಗ್ಯೂ, ತಪ್ಪು ಅರ್ಜಿದಾರನದೇ.

7. ತರುವಾಯ ಅರ್ಜಿದಾರನು ಒಬ್ಬನೇ ಕೂತು ಲೆಕ್ಕ ತಿದ್ದಲು ಯತ್ನಿಸಿದನು. ಪುಸ್ತಕ ನೋಡಿದರೆ ಗುಂಪಿ ತಪ್ಪುತ್ತದೆ, ಗುಂಪಿ ನೋಡಿದರೆ ಸಾಲು ತಪ್ಪುತ್ತದೆ. ಖಾರದ ಕೈಯನ್ನು ಕಣ್ಣಿಗೆ ಒರೆಸಿಕೊಂಡದ್ದಾಯಿತು. ಕಣ್ಣೀರು ಮೆಣಸಿನಕಾಯಿಯದೋ ಮತ್ತೊಂದರದೋ ಎಂದು ಹೆಂಡತಿ ಚಮನಬಿ ಕೇಳಿದ ಪ್ರಶ್ನೆಗೆ ಇದುವರೆಗೆ ಉತ್ತರ ಸಲ್ಲಿಸಿರುವುದಿಲ್ಲ.

"ಗೋಲ್ ಹಾಳಾಗಿ ಹೋಗ್ಲಿ. ಅಂಥಾ ಮನಷ್ಯಾನ್ನ ಯಾಕ ಕಳ್ಕೊಂತೀರಿ? ಹೋಗಿ ಕರದು ಬರ್ರಿ" ಎಂದಳು. ಹೋಗಲು ಅರ್ಜಿದಾರನಿಗೆ ಕಾಲಿದೆ, ಮುಖವಿಲ್ಲ.

ಆದ್ದರಿಂದ ತಮ್ಮಲ್ಲಿ ವಿನಂತಿಸುವುದೇನೆಂದರೆ,

ಅ) ಸದರಿ ಲಕೋಟೆ ಹಾವೇರಿಯಲ್ಲಿರಲಿ, ಹುಬ್ಬಳ್ಳಿಯಲ್ಲಿರಲಿ, ಇದ್ದಲ್ಲೇ ಹಿಡಿದು ತರಿಸಬೇಕು. ಅಚ್ಚಾಗಿಬಿಟ್ಟರೆ ಅರ್ಜಿದಾರನು ಸುಳ್ಳು ಲೆಕ್ಕದವನೆಂದು ಸಮುದ್ರದಾಚೆ ಹೆಸರಾಗುತ್ತಾನೆ.

ಆ) ಅದು ಈಗಾಗಲೇ ವಿಮಾನ ಹತ್ತಿದ್ದರೆ, ಜೊತೆಗಿಟ್ಟ ಪತ್ರವನ್ನು ಹಿಂದೆಯೇ ಓಡಿಸಬೇಕು. ಹೆಚ್ಚಿಗೆ ಕಂಡ ಗೋಲು ಕಳ್ಳಲೆಕ್ಕವಲ್ಲ, ಬ್ಯಾಡಗಿಯವರು ಪ್ರೀತಿಯಿಂದ ಹಾಕಿದ್ದೆಂದು ಅದರಲ್ಲಿ ವಿವರಿಸಿದೆ.

ಇ) ಇತರೆ: ಲಕೋಟೆ ವಾಪಸ್ ಬಂದಲ್ಲಿ ಅದನ್ನು ಅರ್ಜಿದಾರನಿಗೆ ಕೊಡಬಾರದು. ಮಧ್ಯಾಹ್ನ ಒಂದರಿಂದ ಎರಡರವರೆಗೆ ತಿರಕಪ್ಪನು ತಮ್ಮ ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ, ಅರ್ಜಿದಾರನ ಅಂಗಡಿಗೆ ಬೆನ್ನು ಮಾಡಿ ಕೂತಿರುತ್ತಾನೆ. ಆತನ ಕೈಗೇ ಕೊಟ್ಟು, "ಹನೀಫನ ಮನಿಗೆ ಮುಟ್ಟಿಸಿ ಬಾ, ಸರ್ಕಾರಿ ಕೆಲಸ" ಎಂದು ಅಪ್ಪಣೆ ಮಾಡಬೇಕು. ಸರ್ಕಾರದ ಮಾತನ್ನು ಆತ ಮೀರುವವನಲ್ಲ. ಬಾಗಿಲಿಗೆ ಬಂದವನನ್ನು ಒಳಗೆ ಕರೆದು ಕೂರಿಸುವ ಜವಾಬ್ದಾರಿ ಚಮನಬಿಯದು.

ತಮ್ಮ ವಿಶ್ವಾಸಿ, ಗುಂಪಿಗಳ ನಡುವೆ ಒಬ್ಬನೇ ಕೂತಿರುವ,
ಮಹಮ್ಮದ್ ಹನೀಫ್ (ಸಹಿ)

ಲಗತ್ತು:
1. ರಜಿಸ್ಟರ್ ರಸೀದಿಯ ನಕಲು.
2. ಇಂಗ್ಲೆಂಡಿನ ಸಂಘಕ್ಕೆ ತಿದ್ದುಪಡಿ ಪತ್ರ.
3. ಮಾದರಿಗಾಗಿ ಹತ್ತು ಒಣ ಮೆಣಸಿನಕಾಯಿ. (ಎಣಿಸಿದರೆ ಹನ್ನೊಂದು ಬರುತ್ತವೆ. ತೆಗೆಯಲು ಮನಸ್ಸಾಗಲಿಲ್ಲ.)

ವಿ.ಸೂ.: ಲಕೋಟೆ ಸಿಗದೇ ಹೋದ ಪಕ್ಷದಲ್ಲಿ, ತಮ್ಮ ಕಚೇರಿಯ ಯಾವುದಾದರೊಂದು ಖಾಲಿ ಲಕೋಟೆಯನ್ನು ಅಂಟಿಸಿ ತಿರಕಪ್ಪನ ಕೈಗೆ ಕೊಟ್ಟು ಕಳಿಸಿದರೂ ಅರ್ಜಿ ವಿಲೇವಾರಿಯಾಯಿತೆಂದೇ ಭಾವಿಸಲಾಗುವುದು.