ಹಿಂದಿನ ಸಾಲಿನ ಅಭಿಪ್ರಾಯ

ಮಹದೇವಪುರದ ಆ ಮನೆಯಲ್ಲಿ ಇದ್ದವರು ಐದು ಜನ. ಪಕ್ಕದ ಮನೆಯ ವೆಂಕಟರಮಣಪ್ಪ ದಂಪತಿಯನ್ನು ಸೇರಿಸಿದರೆ ಏಳು. ಹಾಗೆ ಸೇರಿಸಿದವರು ಸ್ವತಃ ವೆಂಕಟರಮಣಪ್ಪ. ಅವರ ಈ ಲೆಕ್ಕದಿಂದಲೇ ರಾಮಪ್ರಸಾದರ ಮನೆಗೆ ಮೂರು ಸಾಲು ಸೀಟಿನ ದೊಡ್ಡ ಗಾಡಿ ಬೇಕೆಂದು ತೀರ್ಮಾನವಾಯಿತು.

ತೀರ್ಮಾನ ರಾಮಪ್ರಸಾದರಿಗೆ ತಿಳಿದದ್ದು ಶನಿವಾರ ಮಧ್ಯಾಹ್ನ, ಕಾರ್ಖಾನೆಯಿಂದ ಫಸ್ಟ್ ಶಿಫ್ಟ್ ಮುಗಿಸಿ ಮನೆಗೆ ಬಂದಾಗ. ತಾಯಿ ರೇಷ್ಮೆ ಸೀರೆ ಉಟ್ಟು ಕುಳಿತಿದ್ದರು. ಹೆಂಡತಿ ಸತ್ಯವತಿ ಚಪ್ಪಲಿ ಮೆಟ್ಟಿ ನಿಂತಿದ್ದಳು. ನಮಗೆ ಸಣ್ಣ ಕಾರು ಸಾಲದೇ ಎಂದು ರಾಮಪ್ರಸಾದರು ಕೇಳಿದ್ದು ಯಾರ ಕಿವಿಗೂ ಬೀಳಲಿಲ್ಲ. ಆ ಮನೆಯಲ್ಲಿ ಅವರ ಮಾತು ಹಳೆಯ ಫ್ಯಾನಿನ ಸದ್ದಿನ ಹಾಗೆ. ಅದು ಇದೆ ಎನ್ನುವುದನ್ನೇ ಎಲ್ಲರೂ ಮರೆತಿದ್ದರು. ಬಟ್ಟೆ ಬದಲಾಯಿಸಲೂ ಪುರುಸೊತ್ತು ಕೊಡದೆ, ತಿಳಿನೀಲಿ ಯೂನಿಫಾರ್ಮು, ಕೊರಳಲ್ಲಿ ತೂಗುವ ಐಡಿ ಕಾರ್ಡು ಸಮೇತ ಅವರನ್ನು ಶೋರೂಮಿಗೆ ಹೊರಡಿಸಿದರು.

ಶೋರೂಮಿನಲ್ಲಿ ಭಾಗ್ಯಶ್ರೀ ಎಂಬಾಕೆ ಓಡಿಸಿ ನೋಡಲು ಒಂದು ಗಾಡಿ ಕೊಟ್ಟಳು. ಮಗ ಅನುರಾಗ್ ಸ್ಟೀರಿಂಗ್ ಹಿಡಿದ. ಅವನ ಪಕ್ಕದಲ್ಲಿ ಸಲಹೆ ಕೊಡಲು ವೆಂಕಟರಮಣಪ್ಪ. ನಡುವಿನ ಸಾಲಿನಲ್ಲಿ ತಾಯಿ, ಸತ್ಯವತಿ, ಭಾಗ್ಯಶ್ರೀ. ಮಗಳು ಶರಣ್ಯ ಹಿಂದೆ ಕೂತರೆ ವಾಂತಿಯಾಗುತ್ತದೆಂದು ಮನೆಯಲ್ಲೇ ಉಳಿದಿದ್ದಳು. ಹಾಗಾಗಿ ಹಿಂದಿನ ಸಾಲು ರಾಮಪ್ರಸಾದರ ಪಾಲಿಗೆ ಬಂತು.

ಒಳಗೆ ತೂರಿಕೊಂಡು ಕುಳಿತ ಮೇಲೆ ಅವರ ಮಂಡಿಗಳು ಗದ್ದಕ್ಕೆ ಬಂದು ನಿಂತವು. ತಲೆ ಮೇಲೆ ತಾಗುತ್ತದೆಂದು ಕತ್ತು ಬಗ್ಗಿಸಿದರೆ ಸ್ವಂತ ಮಂಡಿಗೇ ಮುತ್ತಿಡುವಂತಾಗುತ್ತಿತ್ತು. ಹೂಡಿ ಕಡೆಯ ಹಂಪುಗಳ ಮೇಲೆ ಗಾಡಿ ಹಾರಿದಾಗಲೆಲ್ಲ ಡಬ್ಬಿಯಲ್ಲಿ ಉಳಿದ ಒಂಟಿ ಕಡಲೆಬೀಜದಂತೆ ಕುಲುಕಾಡಿದರು. ಮುಂದಿನವರೆಲ್ಲ ಎಸಿ ಚೆನ್ನಾಗಿದೆ ಎಂದು ಹೊಗಳಿದರು. ಆ ತಂಪು ಹಿಂದಿನವರೆಗೆ ಬರಲಿಲ್ಲ. ಇಲ್ಲಿ ಸ್ವಲ್ಪ ಕಷ್ಟವಾಗುತ್ತಿದೆ ಎಂದು ಎರಡು ಸಲ ಹೇಳಿ ನೋಡಿದರು. ವೆಂಕಟರಮಣಪ್ಪ ಹಾಡಿನ ಸದ್ದು ಜಾಸ್ತಿ ಮಾಡಿ, ಸ್ಪೀಕರು ಹಿಂದಿನವರೆಗೂ ಕೇಳಿಸುತ್ತದೆಯೇ ಎಂದು ಪರೀಕ್ಷಿಸಿದರು.

ಒಂದೇ ಸಮಾಧಾನವೆಂದರೆ ಭಾಗ್ಯಶ್ರೀ ಹೇಳಿದ ಮಾತು. ಬುಕ್ ಮಾಡಿದರೆ ಗಾಡಿ ಕೈಗೆ ಬರಲು ಮೂರು ತಿಂಗಳು ಕಾಯಬೇಕಂತೆ.

"ಆಷಾಢ ಬರೋದ್ರೊಳಗೆ ಸಿಕ್ರೆ ಸರಿ. ಇಲ್ದಿದ್ರೆ ಬೇಡ್ವೇ ಬೇಡ," ಎಂದುಬಿಟ್ಟರು ತಾಯಿ.

ಆಷಾಢ ಹೊಸ್ತಿಲಲ್ಲೇ ಇತ್ತು. ರಾಮಪ್ರಸಾದರು ಹಿಂದೆ ಒಬ್ಬರೇ ನಕ್ಕರು.

ವಾಪಸು ಬಂದೊಡನೆ ಎಲ್ಲರೂ ಇಳಿದು ಕಾಫಿಗೆಂದು ಒಳಗೆ ಹೋದರು. ಹಿಂದಿನವರು ಇಳಿಯಬೇಕಾದರೆ ನಡುವಿನ ಸೀಟು ಮಡಚಬೇಕು. ಅದನ್ನು ಮಡಚುವ ಹಿಡಿ ಎಲ್ಲಿದೆಯೆಂದು ರಾಮಪ್ರಸಾದರು ತಡಕಾಡುತ್ತಿರುವಾಗಲೇ ಶೋರೂಮಿನ ಡ್ರೈವರ್ ಯಮನೂರ ಬಂದು ಸೀಟಿನಲ್ಲಿ ಕುಳಿತ. ಅವನ ಹಿಂದೆಯೇ ಬೇರೆ ಯಾರೋ ಗಂಡ ಹೆಂಡತಿ ಹತ್ತಿದರು. ರಾಮಪ್ರಸಾದರು ಗಾಬರಿಯಿಂದ ಕಿಟಕಿಯ ಗಾಜು ಬಡಿದರು. ಶೋರೂಮಿನ ಬಾಗಿಲಲ್ಲಿ ನಿಂತಿದ್ದ ವೆಂಕಟರಮಣಪ್ಪ ಅದನ್ನು ಕಂಡು ಸಂತೋಷದಿಂದ ಕೈ ಬೀಸಿದರು. ಗಾಡಿ ಹೊರಟೇಬಿಟ್ಟಿತು.

ಹಿಂದೆ ಕುಳಿತವರು ಗಿರಾಕಿಯ ಕಡೆಯವರೆಂದು ಯಮನೂರ ತಿಳಿದ. ಯೂನಿಫಾರ್ಮು ನೋಡಿದ ಗಿರಾಕಿ, ಇವರು ಕಂಪನಿಯವರೆಂದು ತಿಳಿದ. ಆ ಗಿರಾಕಿಯ ಹೆಸರು ಚನಬಸಪ್ಪ. ಬಾಗಲಕೋಟೆ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಈಗ ಕಾಡುಗೋಡಿಯಲ್ಲಿ ಮನೆ ಕಟ್ಟಿಸುವ ಗುತ್ತಿಗೆದಾರನಾಗಿದ್ದ. ಅವನು ಎಂದೋ ಬುಕ್ ಮಾಡಿದ್ದ, ಇದೇ ಬಗೆಯ ಬಿಳಿ ಗಾಡಿ ಅಂದು ಶೋರೂಮಿಗೆ ಬಂದಿತ್ತು. ಅದನ್ನು ಒಯ್ಯುವ ಮೊದಲು ಹೆಂಡತಿ ನೀಲಾಂಬಿಕಾಳನ್ನು ಒಂದು ಸುತ್ತು ಕೂರಿಸಿ ತೋರಿಸುತ್ತಿದ್ದ.

ತಾವು ಯಾರೆಂದು ಹೇಳಲು ರಾಮಪ್ರಸಾದರು ಕೆಮ್ಮಿದರು. ಅಷ್ಟರಲ್ಲಿ ಚನಬಸಪ್ಪನೇ ಹಿಂತಿರುಗಿದ.

"ಹಿಂದಿನ ಸೀಟು ಹೆಂಗೈತ್ರಿ ಸರ? ಖರೇ ಹೇಳ್ರಿ. ನಮ್ಮಪ್ಪನ್ನ ಅಲ್ಲೇ ಕೂಡಸಬೇಕಂತ ಮಾಡೀನಿ."

ಯಾರಾದರೂ ರಾಮಪ್ರಸಾದರನ್ನು ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತೋ. ತಾವು ಯಾರೆಂದು ಹೇಳುವುದೇ ಮರೆತುಹೋಯಿತು. ಮಂಡಿಯ ಪಾಡು, ಕತ್ತಿನ ಪಾಡು, ಬಾರದ ಗಾಳಿ, ಇಳಿಯಲು ದಾರಿಯಿಲ್ಲದೆ ಸಿಕ್ಕಿಬಿದ್ದದ್ದು, ಎಲ್ಲವನ್ನೂ ಹೇಳಿದರು. ಚನಬಸಪ್ಪ ಪೂರ್ತಿ ಹಿಂದಕ್ಕೆ ತಿರುಗಿ ಕೇಳಿದ. ನೀಲಾಂಬಿಕಾ ಲೊಚಗುಟ್ಟಿದಳು.

"ಇದು ಮನುಷ್ಯರು ಕೂರೋ ಜಾಗ ಅಲ್ಲ," ಎಂದು ಮುಗಿಸಿದರು ರಾಮಪ್ರಸಾದರು. "ನಿಮ್ಮ ತಂದೇನ ಮಾತ್ರ ಇಲ್ಲಿ ಕೂರಿಸ್ಬೇಡಿ."

ಚನಬಸಪ್ಪ, ಕಂಪನಿಯ ಅನ್ನ ತಿಂದೂ ಇಷ್ಟು ನಿಜ ಹೇಳುವವರನ್ನು ಈ ಊರಿನಲ್ಲಿ ನೋಡಿರಲಿಲ್ಲ ಎಂದು ಕೈಮುಗಿದ.

ಗಾಡಿ ನಿಂತ ಮೇಲೆ ನೀಲಾಂಬಿಕಾಳೇ ಸೀಟು ಮಡಚಿ, ಕೈಹಿಡಿದು ಅವರನ್ನು ಇಳಿಸಿದಳು. ಗಂಡ ಹೆಂಡತಿ ನೇರ ಕೌಂಟರಿಗೆ ನಡೆದರು. ರಾಮಪ್ರಸಾದರು ಅಂಗಳದಲ್ಲೇ ಬಹಳ ಹೊತ್ತು ನಿಂತು ಕಾಲು ನೀವಿಕೊಂಡರು. ಮಂಡಿ ನೋಯುತ್ತಿದ್ದರೂ ಮನಸ್ಸು ಹಗುರವಾಗಿತ್ತು. ತಮ್ಮ ಮಾತಿನಿಂದ ಕಾಣದ ಮುದುಕರೊಬ್ಬರು ಪಾರಾಗಿದ್ದರು. ಮನೆಯವರಿಗೂ ಹೀಗೇ ಬಿಡಿಸಿ ಹೇಳಬೇಕು ಎಂದುಕೊಂಡು, ಒಂದು ಲೋಟ ನೀರು ಕುಡಿದು ಒಳಗೆ ಹೋದರು.

ಒಳಗೆ ಮೇಜಿನ ಮೇಲೆ ಪೇಡದ ಡಬ್ಬಿ ತೆರೆದಿತ್ತು. ಸತ್ಯವತಿಯ ಮುಖ ಅರಳಿತ್ತು.

"ಈಗ ತಾನೇ ಯಾರೋ ಕ್ಯಾನ್ಸಲ್ ಮಾಡಿದ್ರಂತೆ ಕಣ್ರೀ. ಬಿಳಿ ಗಾಡಿ, ರೆಡಿ ಇದೆ. ಆಷಾಢಕ್ಕೆ ಮುಂಚೇನೇ ಮನೆಗೆ ಬರುತ್ತೆ."

ರಾಮಪ್ರಸಾದರು ಹಿಂದಿನ ಸೀಟಿನ ಮಾತು ಎತ್ತಲು ಹೋದರು. ಅದರ ಬಗ್ಗೆ ಕೇಳುವುದೇ ಬೇಡವೆಂದು ತಾವೇ ಎಲ್ಲರಿಗೂ ಹೇಳಿದ್ದಾಗಿ ವೆಂಕಟರಮಣಪ್ಪ ವಿವರಿಸಿದರು. ರಾಮಪ್ರಸಾದರಿಗೆ ಆ ಸೀಟು ಎಷ್ಟು ಹಿಡಿಸಿದೆಯೆಂದರೆ, ಇಳಿಯದೆ ಎರಡನೇ ಸುತ್ತಿಗೂ ಹೋದರು, ಹೋಗುವಾಗ ಮಕ್ಕಳ ಹಾಗೆ ಕೈ ಬೀಸಿದರು. ಅದನ್ನು ನೋಡಿಯೇ ಅನುರಾಗ್ ಸಹಿ ಹಾಕಿದನಂತೆ.

ಅಷ್ಟರಲ್ಲಿ ಕ್ಯಾನ್ಸಲ್ ಮಾಡುವ ಕೆಲಸ ಮುಗಿಸಿದ ಚನಬಸಪ್ಪ ಆ ಕಡೆ ಬಂದ. ಅವನು ಬಿಟ್ಟ ಗಾಡಿಯನ್ನು ಇವರೇ ತೆಗೆದುಕೊಂಡರೆಂದು ಭಾಗ್ಯಶ್ರೀ ನಗುತ್ತಾ ಪರಿಚಯ ಮಾಡಿಸಿದಳು. ಚನಬಸಪ್ಪ ಪೇಡದ ಡಬ್ಬಿ ನೋಡಿದ, ರಾಮಪ್ರಸಾದರ ಮುಖ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ನಿಮಗ ಬೇಕಾಗಿತ್ತಂದ್ರ ಹಂಗ ಕೇಳಬೇಕಿತ್ರಿ ಸರ. ಬಿಟ್ಟು ಕೊಡ್ತಿದ್ದೆ."

ಹೆಂಡತಿಯನ್ನು ಕರೆದುಕೊಂಡು ಅವನು ಮೆಟ್ಟಿಲಿಳಿದ. ನಡೆದದ್ದು ಹೇಳಲೆಂದು ರಾಮಪ್ರಸಾದರು ಬಾಯಿ ತೆರೆದರು. ತೆರೆದ ಬಾಯಿಗೆ ವೆಂಕಟರಮಣಪ್ಪ ಒಂದು ಪೇಡ ಇಟ್ಟರು.